ಸ್ವಲ್ಪ ಸ್ವಲ್ಪವಾಗಿ ಎಂಎ ಓದಬಹುದಾ?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಬಿಎ ಮಾಡಿದವಳು. ವಯಸ್ಸು 33. ಸಹಕಾರ ಸಂಘವೊಂದರಲ್ಲಿ ಕೆಲಸ, ಇಬ್ಬರು ಮಕ್ಕಳು. ಪೇಪರ್ ಬಂದರೆ ಮೊದಲು ವಿದೇಶದ ಪುಟವನ್ನೇ ಓದುತ್ತೇನೆ. ಅಂತರರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ ಎಂಎ ಮಾಡುವ ಆಸೆ. ಆದರೆ ಕೆಲಸ ಬಿಟ್ಟು ಎರಡು ವರ್ಷ ಓದಲು ಆಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಓದಬಹುದಾ? ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ.
- ಓದುಗರೊಬ್ಬರು, ಹಿರಿಯೂರು

ಉತ್ತರ: ಖಂಡಿತ ಓದಬಹುದು. ನಾನೂ ಹಾಗೇ ಓದಿದವಳು. ಮನೆಯಲ್ಲೇ ಇದ್ದು ಓದಬಹುದಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ರಾಜ್ಯಶಾಸ್ತ್ರ ಎಂಎಗೆ ಸೇರಿದ್ದೆ. 2 ವರ್ಷದ ಕೋರ್ಸು, ಮುಗಿಸಲು 4 ವರ್ಷದವರೆಗೆ ಅವಕಾಶ ಇತ್ತು. ಪರೀಕ್ಷೆ ಜೂನ್‌ಗೊಮ್ಮೆ, ಡಿಸೆಂಬರ್‌ಗೊಮ್ಮೆ. ಪಾಸಾದ ಪತ್ರಿಕೆಯನ್ನು ಮತ್ತೆ ಮುಟ್ಟಬೇಕಿಲ್ಲ, ಉಳಿದವನ್ನು ಮುಂದಿನ ಸಲ ಬರೆದರಾಯಿತು. ಮೊದಲ ಜೂನ್‌ನಲ್ಲಿ ಹುಮ್ಮಸ್ಸಿನಿಂದ ನಾಲ್ಕು ಪತ್ರಿಕೆಗೂ ಕಟ್ಟಿದೆ. ಎರಡು ಹೋದವು. ಆಮೇಲೆ ಸಲಕ್ಕೆ ಎರಡೇ ಎಂದು ಗಟ್ಟಿ ಮಾಡಿಕೊಂಡೆ. ನಡುವೆ ಹೆರಿಗೆ, ಒಂದು ವರ್ಷ ಹಾಗೇ ಹೋಯಿತು. ಆದರೂ ನಾಲ್ಕನೇ ವರ್ಷಕ್ಕೆ ಮುಗಿಯಿತು.

ಒಂದು ಮಾತು ತಿಳಿದಿರಲಿ. ಅದು ರಾಜ್ಯಶಾಸ್ತ್ರದ ಪದವಿ. ಮೊದಲ ವರ್ಷ ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆ ಕಡ್ಡಾಯವಿತ್ತು. ಎರಡನೇ ವರ್ಷ ಭಾರತ ಮತ್ತು ಜಗತ್ತು, ಶಾಂತಿ ಮತ್ತು ಸಂಘರ್ಷ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಇಂಥವನ್ನು ಆರಿಸಿಕೊಳ್ಳಬಹುದಿತ್ತು. ಇದೇ ವಿಷಯವನ್ನು ಪೂರ್ತಿಯಾಗಿ ಓದಬೇಕೆಂದರೆ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ, ಅಂದರೆ ಜೆಎನ್‌ಯು ಇದೆ. ಅಲ್ಲಿನ ಅಂತರರಾಷ್ಟ್ರೀಯ ಅಧ್ಯಯನ ಶಾಲೆ 1955ರಷ್ಟು ಹಳೆಯದು. ಆದರೆ ಅದಕ್ಕೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ಅಲ್ಲೇ ಇದ್ದು ಓದಬೇಕು. ಈಗ ನಿಮಗೆ ಅದು ಆಗದ ಮಾತು, ಅಲ್ವಾ?

ಇಂಗ್ಲಿಷ್ ಬಗ್ಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ನಾನು ಓದುವಾಗ ಇದ್ದದ್ದು ಇಂಗ್ಲಿಷ್, ಹಿಂದಿ ಎರಡೇ. ಮೊದಲ ತಿಂಗಳು ‘ಅನಾರ್ಕಿ’ ಎಂಬ ಒಂದೇ ಪದದ ಹತ್ತಿರ ನಿಂತುಬಿಟ್ಟೆ. ನಿಘಂಟಿನಲ್ಲಿ ‘ಅರಾಜಕತೆ’ ಎಂದಿತ್ತು. ಅಂದರೆ ಗಲಾಟೆ, ಲೂಟಿ ಎಂದುಕೊಂಡೆ. ಅರ್ಥವೇ ಕೂಡಲಿಲ್ಲ. ಒಂದು ರಾತ್ರಿ 1960ರ ಸಿಂಧೂ ಜಲ ಒಪ್ಪಂದದ ಬಗ್ಗೆ ಓದುತ್ತಾ ಇದ್ದೆ. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೇಲಂ, ಚಿನಾಬ್ ಬಹುಪಾಲು ಪಾಕಿಸ್ತಾನಕ್ಕೆ. ಆಗ ನಮ್ಮ ಕಾವೇರಿ ನೆನಪಾಯಿತು. ನಮಗೂ ತಮಿಳುನಾಡಿಗೂ ಜಗಳವಾದಾಗ ನ್ಯಾಯಮಂಡಳಿ ಇತ್ತು, ಅದರ ಮೇಲೆ ಸುಪ್ರೀಂ ಕೋರ್ಟ್ ಇದೆ. ತೀರ್ಪು ಹಿಡಿಸದಿದ್ದರೂ ನೀರು ಬಿಡಲೇಬೇಕು. ಎರಡು ದೇಶಗಳ ಮೇಲೆ ಹಾಗೆ ಹೇಳುವ ಹಿರಿಯರು ಯಾರೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬಳಿಕ ಭಾರತ ಆ ಒಪ್ಪಂದವನ್ನು ತಡೆಹಿಡಿಯಿತು. ಅದನ್ನು ಮತ್ತೆ ಜಾರಿಗೆ ತರಿಸುವ ಪೊಲೀಸು ಎಲ್ಲಿದ್ದಾನೆ? ಆ ‘ಮೇಲೆ ಯಾರೂ ಇಲ್ಲ’ ಎನ್ನುವುದೇ ಅನಾರ್ಕಿ. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಮ್ಮ ಕಡೆಯ ಒಂದು ಉದಾಹರಣೆ. ಅರ್ಥ ಬರೆಯಲಿಲ್ಲ, ಉದಾಹರಣೆ ಮಾತ್ರ. ಪರೀಕ್ಷೆಯಲ್ಲಿ ನನ್ನ ಕೈ ಹಿಡಿದದ್ದು ಅದೇ.

ಅಸೈನ್‌ಮೆಂಟ್ ಕೈಬಿಡಬೇಡಿ. 100ರಲ್ಲಿ 30 ಅಂಕ ಅದಕ್ಕೇ ಇತ್ತು. ನಾನು ಬೆಳಗ್ಗೆ ಹಾಲು ಕಾಯುವಷ್ಟು ಹೊತ್ತು ಅಡುಗೆಮನೆ ಕಟ್ಟೆಯ ಮೇಲೇ ಬರೆಯುತ್ತಿದ್ದೆ. ದಿನಕ್ಕೆ ಅರ್ಧ ಪುಟ. ಒಂದೆರಡು ಹಾಳೆ ಮೇಲೆ ಹಾಲಿನ ಕಲೆಯೂ ಇತ್ತು.

ಸೇರುವ ಮುಂಚೆ ಈ ವರ್ಷದ ಪತ್ರಿಕೆಗಳ ಪಟ್ಟಿ, ಶುಲ್ಕ, ಕೊನೆಯ ದಿನ ನೋಡಿಕೊಳ್ಳಿ, ನಿಯಮ ಬದಲಾಗುತ್ತಿರುತ್ತವೆ. ‘ಇದನ್ನೋದಿ ಏನು ಕೆಲಸ ಸಿಗುತ್ತೆ?’ ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡುವ ದಾರಿ ಇದೆ ಎಂದು ಹೇಳಿ. ಆದರೆ ನೀವು ವಿದೇಶದ ಪುಟವನ್ನು ಮೊದಲು ಓದುವವರು. ಆ ಆಸೆಯೇ ಸಾಕು ಕಾರಣಕ್ಕೆ.

ಮೊದಲ ಅಸೈನ್‌ಮೆಂಟ್ ಬರೆದಾಗ ನಮ್ಮ ಈ ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳಿಸಿ. ನಾನು ಓದುತ್ತೇನೆ.