ಸಂಶೋಧನೆ ಮಾಡಲು ಬೆಂಗಳೂರಿಗೇ ಹೋಗಬೇಕೇ? ಕಲಬುರಗಿ ಕಡೆ ಅಂಥ ವಿಷಯವೇನಾದರೂ ಇದೆಯೇ?

ನೀವು ಚಿತ್ತಾಪುರದವರು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೀರಿ, ಮನೆಯವರು ದೂರ ಕಳಿಸಲು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಅದೇ ವಿಷಯ ಕಲಿಸುತ್ತೇನೆ. ಅದಕ್ಕೂ ಮೊದಲು ಕೆಲವು ವರ್ಷ ಆಹಾರ ಪದಾರ್ಥ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿದ್ದೆ. ನಮ್ಮ ಕಡೆ ಮಳೆಗೆ ಬರ ಇರಬಹುದು, ವಿಷಯಕ್ಕೆ ಬರವಿಲ್ಲ. ಕೊರತೆಯಿರುವುದು ಎರಡನೆಯ ಜಾಡಿಗೆ. ಹಾಗೆಂದರೇನು ಎಂಬುದಕ್ಕೆ ನನ್ನದೇ ಒಂದು ಫಜೀತಿಯನ್ನು ಹೇಳಬೇಕಾಗುತ್ತದೆ.

ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಗೃಹಿಣಿ ಒಂದು ಪೊಟ್ಟಣ ತೊಗರಿಬೇಳೆ ತಂದು, ಅಂಗಡಿಯವನು ಬಣ್ಣ ಹಾಕಿದ್ದಾನೆ ಎಂದು ದೂರಿದರು. ಬೇಳೆಗೆ ಹೊಳಪು ಬರಲೆಂದು ಮೆಟಾನಿಲ್ ಯೆಲ್ಲೋ ಎಂಬ ನಿಷಿದ್ಧ ಬಣ್ಣ ಬಳಿಯುವುದುಂಟು. ಬೇಳೆಯನ್ನು ನೀರಿನಲ್ಲಿ ಅಲುಗಾಡಿಸಿ, ಆ ನೀರಿಗೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಅದು ಕೆನ್ನೀಲಿಯತ್ತ ತಿರುಗುತ್ತದೆ. ನಾನು ಬಿಟ್ಟೆ, ಬಣ್ಣ ತಿರುಗಿತು. ಕಲಬೆರಕೆ ಎಂದು ವರದಿಯನ್ನೂ ಬರೆದೆ, ಅಂಗಡಿಯ ಹೆಸರು ಸಮೇತ. ಸಹಿಗೆ ಒಯ್ದಾಗ ಹಿರಿಯರೊಬ್ಬರು ತಲೆಯೆತ್ತದೆಯೇ ಕೇಳಿದರು: "ನೀರು ಹಾಕಿ ನೋಡಿದೆಯೇನಪ್ಪಾ?" ವಾಪಸು ಹೋಗಿ ನಳಿಕೆ ತುಂಬ ನೀರು ಸುರಿದೆ. ಬಣ್ಣ ಮಾಯ! ಅರಿಶಿನವೂ ಆಮ್ಲದಲ್ಲಿ ಹಾಗೆಯೇ ಕೆಂಪಾಗುತ್ತದೆ. ನೀರು ಬೆರೆಸಿದರೆ ಹೋಗುತ್ತದೆ. ಮೆಟಾನಿಲ್ ಯೆಲ್ಲೋ ಆದರೆ ಹೋಗುವುದಿಲ್ಲ. ಆ ತಾಯಿಯನ್ನು ವಿಚಾರಿಸಿದಾಗ ತಿಳಿಯಿತು: ಹುಳು ಹಿಡಿಯದಿರಲಿ ಎಂದು ಅವರೇ ಬೇಳೆಗೆ ಔಡಲೆಣ್ಣೆ, ಅರಿಶಿನ ಸವರಿ ಡಬ್ಬಿಯಲ್ಲಿಟ್ಟಿದ್ದರು. ತಂದದ್ದು ಆ ಡಬ್ಬಿಯ ಬೇಳೆಯನ್ನೇ. ಪಕ್ಕದಲ್ಲಿ ಬರೀ ಅರಿಶಿನದ ನೀರಿನ ಇನ್ನೊಂದು ನಳಿಕೆ ಇಟ್ಟುಕೊಂಡಿದ್ದರೆ ಒಬ್ಬ ನಿರಪರಾಧಿಯ ಹೆಸರನ್ನು ನಾನು ಬರೆಯುತ್ತಲೇ ಇರಲಿಲ್ಲ. ನಾನು ಎರಡನೆಯ ಜಾಡಿ ಎಂದದ್ದು ಹೀಗೆ ಹೋಲಿಸಿ ನೋಡಲು ಪಕ್ಕದಲ್ಲಿಡುವುದನ್ನೇ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಈ ನೆಲದ್ದೇ ವಿಶಿಷ್ಟ ಬೆಳೆ ಎಂಬ ಸರ್ಕಾರಿ ಗುರುತು, ಸಿಕ್ಕಿದೆ, ಹೆಮ್ಮೆಯ ಮಾತೇ. ಅದರ ಮೇಲೆ ಮಾಡುವ ಕೆಲಸ ಮಾತ್ರ ಬೆಟ್ಟದಷ್ಟು ಬಾಕಿಯಿದೆ.

ಇನ್ನು ಕಾಲ ಕೆಳಗಿನ ಎರೆಮಣ್ಣು. ಬೇಸಿಗೆಯಲ್ಲಿ ನಮ್ಮ ಹೊಲಗಳು ಅಂಗೈ ಹೋಗುವಷ್ಟು ಬಿರಿಯುತ್ತವೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತವೆ. ಹೊಲಕ್ಕೆ ಅದು ಸೊಗಸು, ಮನೆಗೆ ಶನಿ. ನನ್ನ ಮನೆಯ ಕಾಂಪೌಂಡ್ ಗೋಡೆಯಲ್ಲಿ ಪ್ರತಿ ಮೇ ತಿಂಗಳಲ್ಲಿ ಒಂದು ಬಿರುಕು ಬಾಯಿ ತೆರೆಯುತ್ತದೆ. ಪೆನ್ಸಿಲ್‌ನಿಂದ ಅದರ ಎರಡೂ ಬದಿಗೆ ಗುರುತು ಹಾಕಿ, ದಿನಾಂಕ ಬರೆದಿಡುತ್ತೇನೆ. ಮನೆಯಾಕೆಗೆ ಇದು ನನ್ನ ಹುಚ್ಚು.

ಈ ಮಣ್ಣಿನ ಉಬ್ಬರ ಅಳೆಯಲು ಒಂದು ಭಾರತೀಯ ಮಾನಕ ಪರೀಕ್ಷೆ ಇದೆ. ನನಗೆ ಅದರಷ್ಟು ಮುದ್ದಾದ ಪ್ರಯೋಗ ಬೇರೊಂದಿಲ್ಲ. ಒಣಗಿಸಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಿಗೆ ಹಾಕುವುದು. ಒಂದಕ್ಕೆ ಭಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ, ಅಂದರೆ ನಮ್ಮ ಚಿಮಣಿ ಎಣ್ಣೆ. ಗಾಳಿಗುಳ್ಳೆ ಹೋಗುವಂತೆ ಕಡ್ಡಿಯಾಡಿಸಿ 24 ತಾಸು ಬಿಡುವುದು. ಜೇಡಿಯ ಪದರಗಳ ನಡುವೆ ನೀರು ನುಗ್ಗುತ್ತದೆ, ಸೀಮೆಎಣ್ಣೆ ನುಗ್ಗುವುದಿಲ್ಲ. ಹಾಗಾಗಿ ಎಣ್ಣೆಯ ಜಾಡಿಯಲ್ಲಿ ಮಣ್ಣು ತನ್ನ ಪಾಡಿಗೆ ತಳದಲ್ಲಿ ಕೂತಿರುತ್ತದೆ. ನನ್ನ ಹಿತ್ತಲಿನ ಮಣ್ಣು ನೀರಿನ ಜಾಡಿಯಲ್ಲಿ ಅದರ ಹತ್ತಿರ ಹತ್ತಿರ ಇಮ್ಮಡಿ ಎತ್ತರಕ್ಕೆ ಬಂದು ಕೂತಿತ್ತು. ನೀರಿನ ಜಾಡಿಯೊಂದನ್ನೇ ನೋಡಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬದ ಅಡಿಪಾಯವನ್ನು ಬೆಳೆಸಿದರು. ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ, ಅಂದರೆ ಋತು ಬದಲಾದರೂ ತೇವ ಅಷ್ಟಾಗಿ ಬದಲಾಗದ ಮಟ್ಟಕ್ಕೆ, ಅದನ್ನು ಇಳಿಸುತ್ತಾರೆ. ನನ್ನ ಮನೆ ಕಟ್ಟಿದ ಮೇಸ್ತ್ರಿಗೆ ಇದನ್ನು ಹೇಳಿದಾಗ ಅವನು ನಕ್ಕಿದ್ದ. ಬಿರುಕಿಗೆ ಸಿಮೆಂಟು ಮೆತ್ತಲು ಈಗಲೂ ಅವನೇ ಬರುತ್ತಾನೆ.

ಕಟ್ಟಡದ ಮಾತು ಬಂದರೆ ನನಗೆ 1993ರ ಸೆಪ್ಟೆಂಬರ್ 30 ನೆನಪಾಗುತ್ತದೆ. ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಗಣಪತಿ ಕಳಿಸಿ ಬಂದು ಮಲಗಿದ್ದೆವು. ನಸುಕಿನ ನಾಲ್ಕರ ಸುಮಾರಿಗೆ ಅಡುಗೆಮನೆಯ ಪಾತ್ರೆಗಳೆಲ್ಲ ಒಮ್ಮೆಲೇ ಕುಣಿದವು. ಅಪ್ಪ ನನ್ನನ್ನು ಹಾಸಿಗೆ ಸಮೇತ ಅಂಗಳಕ್ಕೆ ಎಳೆದು ಹಾಕಿದರು. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಊರಿಗೆ ಊರೇ ಕುಸಿದಿತ್ತು, ಸುತ್ತಮುತ್ತ ಸಾವಿರಾರು ಜನ ಸತ್ತರು. ಭೂಕಂಪದ ತೀವ್ರತೆ ಆರರ ಆಸುಪಾಸು, ಜಗತ್ತಿನ ಲೆಕ್ಕದಲ್ಲಿ ಮಧ್ಯಮದ್ದು. ಕೊಂದದ್ದು ಮನೆಗಳು: ಮಾಳಿಗೆಯ ಮೇಲೆ ಅಡಿಗಟ್ಟಲೆ ಮಣ್ಣು, ಕೆಳಗೆ ಕಲ್ಲುಮಣ್ಣಿನ ದಪ್ಪ ಗೋಡೆ. ಆ ಗೋಡೆ ನೋಡಲು ಕೋಟೆಯಂತಿದ್ದರೂ ಒಳಮುಖ ಬೇರೆ, ಹೊರಮುಖ ಬೇರೆ, ನಡುವೆ ಚೂರುಕಲ್ಲಿನ ಭರ್ತಿ. ಎರಡನ್ನೂ ಹಿಡಿದಿಡುವ ಉದ್ದನೆಯ ಕಲ್ಲು ಇಲ್ಲದಿದ್ದರೆ ಅಲುಗಿದ ಕೂಡಲೇ ಗೋಡೆ ಸಿಪ್ಪೆ ಸುಲಿದಂತೆ ಬಿಚ್ಚಿಕೊಳ್ಳುತ್ತದೆ. ಹಳೆಯ ಗೋಡೆಗೆ ಅಲ್ಲಲ್ಲಿ ರಂಧ್ರ ಕೊರೆದು, ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿ ಹೊಲಿಯುವ ವಿಧಾನ ಆಮೇಲೆ ಬಳಕೆಗೆ ಬಂತು. ಆಳಂದ, ಬಸವಕಲ್ಯಾಣದ ಕಡೆ ಅಂಥ ಮಾಳಿಗೆ ಮನೆಗಳಲ್ಲಿ ಜನ ಇಂದಿಗೂ ಮಲಗುತ್ತಾರೆ. ಅದೂ ಸಂಶೋಧನೆಗೆ ಒಂದು ವಿಷಯವೇ.

ನಿಮ್ಮ ರಸಾಯನಶಾಸ್ತ್ರ ನೇರವಾಗಿ ಮೈಗೆ ತಾಗುವ ಕಡೆ ಬೇಕೆಂದರೆ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿಗೆ ಹೋಗಿ. ಹಿಂದೆ ಚಿನ್ನ ತೆಗೆಯುತ್ತಿದ್ದ ಮಂಗಳೂರು ಎಂಬ ಹಳ್ಳಿಯ ಬಳಿ ಕಿರದಳ್ಳಿ ತಾಂಡಾ ಇದೆ. ಚಿನ್ನದ ಜೊತೆಗಿರುವ ಆರ್ಸೆನಿಕ್ ಖನಿಜ ಅಲ್ಲಿನ ಕುಡಿಯುವ ನೀರಿಗೆ ಇಳಿದು, ಜನರ ಅಂಗೈ ಅಂಗಾಲು ಗಂಟುಗಟ್ಟಿದ ಬಗ್ಗೆ ಸಂಶೋಧನಾ ವರದಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಕಣ್ಣಿಗೂ ಕಾಣದ, ನಾಲಿಗೆಗೂ ತಿಳಿಯದ ಪ್ರಮಾಣ. ಅಲ್ಲೂ ಎರಡನೆಯ ಜಾಡಿ ಬೇಕು: ಕುಡಿದವರ ಕೂದಲು, ಉಗುರಿನ ಜೊತೆ ಹೋಲಿಸಿ ನೋಡಲು ಆ ನೀರು ಕುಡಿಯದವರ ಕೂದಲು, ಉಗುರು. ಬೀದರಿನ ಬಿದ್ರಿಯವರು ಕೋಟೆಯ ಹಳೇ ಮಣ್ಣಿಗೆ ನವಸಾಗರ ಸೇರಿಸಿ ಸತು–ತಾಮ್ರದ ಲೋಹವನ್ನು ಕಪ್ಪಾಗಿಸಿ, ಬೆಳ್ಳಿಯನ್ನು ಮಾತ್ರ ಬೆಳ್ಳಗೆ ಉಳಿಸುವುದು ಇನ್ನೊಂದು ಕಥೆ. ಅದರ ಬಗ್ಗೆ ಬೇರೆ ಪ್ರಶ್ನೆ ಕೇಳಿ, ಬರೆಯುತ್ತೇನೆ.

ಮಾರ್ಗದರ್ಶಕರಿಗಾಗಿ ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಎರಡನ್ನೂ ವಿಚಾರಿಸಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಚಿತ್ತಾಪುರದ ನಾಲ್ಕು ಹೊಲಗಳ ಮಣ್ಣನ್ನು ಈ ಬೇಸಿಗೆಯಲ್ಲೇ ತಂದು ಒಣಗಿಸಿ, ಜಾಡಿಗೆ ಹಾಕಿ, ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ. ಪಡಿತರ ಅಂಗಡಿಯಲ್ಲಿ ನಾನು ಚಿಮಣಿ ಎಣ್ಣೆ ಕಂಡು ವರ್ಷಗಳಾದವು. ಸಿಗದಿದ್ದರೆ ನೀವು ಓದಿದ ಕಾಲೇಜಿನ ಪ್ರಯೋಗಾಲಯದಲ್ಲಿ ಅರ್ಧ ಲೀಟರ್ ಕೇಳಿ ನೋಡಿ.