ಲಿಂಕ್ಡ್‌ಇನ್ ರಿಕ್ವೆಸ್ಟ್‌ಗೆ ಸ್ಕ್ರಿಪ್ಟ್ ಬೇಡ
ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಕೊನೆ ವರ್ಷ, ಬೆಂಗಳೂರಿನ ಎಚ್‌ಆರ್‌ಗಳಿಗೆ ಸೆಲೆನಿಯಂನಿಂದ (ಬ್ರೌಸರನ್ನು ತಾನಾಗಿಯೇ ನಡೆಸುವ ಟೂಲ್) ಪೈಥಾನ್ ಸ್ಕ್ರಿಪ್ಟ್ ಬರೆದು ಲಿಂಕ್ಡ್‌ಇನ್ ರಿಕ್ವೆಸ್ಟ್ ಕಳಿಸುವಾಗ ಕನೆಕ್ಟ್ ಬಟನ್ ಸಿಗದೆ ಸ್ಕ್ರಿಪ್ಟ್ ನಿಲ್ಲುತ್ತದೆ ಅಂದಿದ್ದೀರಿ. ಕೆಲವರ ಪ್ರೊಫೈಲಿನಲ್ಲಿ ಫಾಲೋ ಮಾತ್ರ ಮುಂದೆ ಕಾಣುತ್ತದೆ, ಕನೆಕ್ಟ್ 'ಮೋರ್' ಒಳಗಿರುತ್ತದೆ. ಅದಕ್ಕೇ ನಿಲ್ಲುತ್ತದೆ.

ಆದರೆ ದಯವಿಟ್ಟು ಅದನ್ನು ಸರಿಮಾಡಲು ಹೋಗಬೇಡಿ. ಬಾಟ್, ಅಂದರೆ ಇಂಥ ತಾನಾಗಿ ನಡೆಯುವ ಸ್ಕ್ರಿಪ್ಟ್ ಬಳಸಬಾರದು ಅಂತ ಲಿಂಕ್ಡ್‌ಇನ್ ನಿಯಮದಲ್ಲೇ ಇದೆ. ವಾರಕ್ಕೆ ಇಷ್ಟೇ ರಿಕ್ವೆಸ್ಟ್ ಅನ್ನುವ ಮಿತಿಯೂ ಇದೆ. ಕೆಲಸ ಹುಡುಕುವ ಹೊತ್ತಲ್ಲೇ ಖಾತೆ ಲಾಕ್ ಆದರೆ ಕಷ್ಟ ಅಲ್ವಾ?

ನಿಮ್ಮ ಕಾಲೇಜು 1958ರದ್ದು, ಹಳೆ ವಿದ್ಯಾರ್ಥಿಗಳು ಎಲ್ಲ ಕಡೆ ಇದ್ದಾರೆ. ಲಿಂಕ್ಡ್‌ಇನ್‌ನಲ್ಲಿರುವ ಕಾಲೇಜಿನ ಪುಟದಲ್ಲಿ 'ಅಲಮ್ನೈ' ಒತ್ತಿ, ಬೆಂಗಳೂರು ಮತ್ತು ಕಂಪನಿ ಆರಿಸಿ. ಆಯ್ದ ಕೆಲವರಿಗೆ, ನೀವು ಯಾರು, ಏನು ಕೇಳಬೇಕು ಅಂತ ಎರಡು ಸಾಲು ಬರೆದು ಕಳಿಸಿ. ಗೊತ್ತಿಲ್ಲದ ಎಚ್‌ಆರ್‌ಗಿಂತ ಅವರು ಉತ್ತರ ಕೊಡುವುದು ಜಾಸ್ತಿ.

ಪೈಥಾನ್ ಬಳಸಲೇಬೇಕು ಅನ್ನಿಸುತ್ತದಾ? ಲಿಂಕ್ಡ್‌ಇನ್ ಸೆಟ್ಟಿಂಗ್ಸ್‌ನಿಂದ ನಿಮ್ಮ ಕನೆಕ್ಷನ್‌ಗಳ ಸಿಎಸ್‌ವಿ (ಪಟ್ಟಿಯ ಫೈಲ್) ಡೌನ್‌ಲೋಡ್ ಮಾಡಿ, ಪೈಥಾನ್‌ನ ಪಟ್ಟಿ ನಿರ್ವಹಿಸುವ ಲೈಬ್ರರಿ ಪಾಂಡಾಸ್‌ನಲ್ಲಿ ಕಂಪನಿವಾರು ವಿಂಗಡಿಸಿ.