ಎರಡು ಕಂಪ್ಯೂಟರ್ ಮಧ್ಯೆ ಸೀರಿಯಲ್ ಕೇಬಲ್ ಹಾಕಿದರೂ ಏನೂ ದಾಟುತ್ತಿಲ್ಲ, ವೈರಿಂಗ್ ಹೇಗೆ?

ಹಳೇ ವಿಂಡೋಸ್ 98 ಕಂಪ್ಯೂಟರಿನಲ್ಲಿ ಅಂಗಡಿ ಲೆಕ್ಕ ಇದೆ, ಪೆನ್‌ಡ್ರೈವ್ ಹಿಡಿಯಲ್ಲ, ಒಂಬತ್ತು ಪಿನ್ನಿನ ಕೇಬಲ್ ತಂದು ಹಾಕಿದರೂ ಒಂದಕ್ಷರ ದಾಟುತ್ತಿಲ್ಲ ಅಂದಿದ್ದೀರಿ. ಕೇಬಲ್ ಕೆಟ್ಟಿರಲಿಕ್ಕಿಲ್ಲ. ಅದು ನೇರ ಕೇಬಲ್ ಇರಬೇಕು. ಪಿನ್ 3 ಕಳಿಸುತ್ತದೆ, 2 ಕೇಳುತ್ತದೆ, 5 ಗ್ರೌಂಡ್. ನೇರ ಕೇಬಲ್ಲಿನಲ್ಲಿ ಎರಡೂ ಕಡೆಯ 3 ಒಂದೇ ತಂತಿಗೆ ಬೀಳುತ್ತವೆ. ಒಬ್ಬರ ಬಾಯಿಗೆ ಒಬ್ಬರು ಬಾಯಿಟ್ಟು ಕೂಗಿದ ಹಾಗೆ! ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಈ ತುದಿಯ 2, ಆ ತುದಿಯ 2 ಮುಟ್ಟಿಸಿ. ಕೂಗಿದರೆ ನನ್ನ ಮಾತು ನಿಜ.

ನಿಮಗೆ ಬೇಕಾದ್ದು ನಲ್ ಮೋಡೆಮ್ ಕೇಬಲ್, ಅಂದರೆ ಕಳಿಸುವ, ಕೇಳುವ ತಂತಿಗಳು ಒಳಗೇ ಅದಲುಬದಲಾಗಿರುವ ಕೇಬಲ್. ಸಿಗದಿದ್ದರೆ ಎರಡು ಫೀಮೇಲ್ ಕನೆಕ್ಟರ್, ಒಂದು ತುಂಡು ಲ್ಯಾನ್ ಕೇಬಲ್ ತಗೊಳ್ಳಿ. ಅದರಲ್ಲಿ ಎಂಟು ಎಳೆ ಇರುತ್ತವೆ, ನಮಗೆ ಏಳು ಸಾಕು. ಈ ಕಡೆಯ 2 ಆ ಕಡೆಯ 3ಕ್ಕೆ, 3 ಅಲ್ಲಿಯ 2ಕ್ಕೆ, 5 ಮಾತ್ರ 5ಕ್ಕೇ. 7 ಅಲ್ಲಿಯ 8ಕ್ಕೆ, 8 ಅಲ್ಲಿಯ 7ಕ್ಕೆ. ಎರಡೂ ಕಡೆ 1 ಮತ್ತು 6 ಕೂಡಿಸಿ, ಆ ಜೋಡಿಯನ್ನು ಎದುರಿನ 4ಕ್ಕೆ ಕೊಡಿ.

ಸೋಲ್ಡರ್ ಮಾಡುವಾಗ ಹುಷಾರು. ದಾವಣಗೆರೆಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಮೊದಲ ಸಲ ಇಂಥ ಕೇಬಲ್ ಕಟ್ಟಿದ್ದು. ಎರಡು ಗಂಟೆ ಒದ್ದಾಡಿದರೂ ಸ್ಕ್ರೀನ್ ಖಾಲಿ. ಗುಮಾಸ್ತರು ಪಾಪ, ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ಕೈಯೆಲ್ಲ ಎಣ್ಣೆ, ಮೇಲೆ ತೌಡಿನ ಧೂಳು. ಕೊನೆಗೆ ಟಾರ್ಚ್ ಓರೆ ಹಿಡಿದು ನೋಡಿದೆ. ಕನೆಕ್ಟರಿನ ಪ್ಲಾಸ್ಟಿಕ್ ಮೇಲೇ, ತೂತುಗಳ ಪಕ್ಕದಲ್ಲಿ, ಸಾಸಿವೆಗಿಂತ ಸಣ್ಣದಾಗಿ ಅಂಕಿ ಇದ್ದವು. ನಾನು ಮುಂದಿನಿಂದ ಎಣಿಸಿ ಹಿಂದಿನಿಂದ ಬೆಸೆದಿದ್ದೆ. ಹಿಂದಿನಿಂದ ನೋಡಿದರೆ ಸಾಲು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ ಅಲ್ವಾ? ನನ್ನ 5 ಅಸಲಿಗೆ 1 ಆಗಿತ್ತು, 2 ಹೋಗಿ 4. ಮಧ್ಯದ 3 ಒಂದೇ ಸರಿಯಾಗಿ ಕೂತಿದ್ದು! ಅವತ್ತಿನಿಂದ ಎಣಿಸುವುದೇ ಇಲ್ಲ, ಅಂಕಿ ಓದಿಯೇ ಬೆಸೆಯುತ್ತೇನೆ.

ಕಂಪ್ಯೂಟರಿನ ಹಿಂದೆ ಇರುವ ಇಪ್ಪತ್ತೈದು ತೂತಿನ ಫೀಮೇಲ್ ಪೋರ್ಟಿಗೆ ಹೋಗಬೇಡಿ, ಅದು ಪ್ರಿಂಟರಿನದು. ಹೊಸ ಕಂಪ್ಯೂಟರಿಗೆ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಬೇಕಾಗಬಹುದು. ಆರ್‌ಎಸ್-232 (ಹಳೇ ಸೀರಿಯಲ್ ಪೋರ್ಟಿನ ಸಿಗ್ನಲ್ ಪದ್ಧತಿ) ಇರುವುದನ್ನೇ ಕೇಳಿ. ಚಿಪ್‌ಗಳಿಗೆ ನೇರ ಜೋಡಿಸುವ 5 ವೋಲ್ಟಿನ ಟಿಟಿಎಲ್ ಬೋರ್ಡ್ ಹಾಕಿದರೆ ಸುಟ್ಟು ಹೋಗಬಹುದು.

ಕೇಬಲ್ ಹಾಕುವ ಮುಂಚೆ ಒಂದೊಂದು ಕಂಪ್ಯೂಟರಿನ ಪೋರ್ಟನ್ನೂ ನೋಡಿಬಿಡಿ. 2 ಮತ್ತು 3ನ್ನು ಒಂದು ತುಂಡು ತಂತಿಯಿಂದ ಮುಟ್ಟಿಸಿ, ಹೈಪರ್‌ಟರ್ಮಿನಲ್ಲಿನಲ್ಲಿ (ಸೀರಿಯಲ್ ಪೋರ್ಟಿನ ಮೂಲಕ ಮಾತಾಡುವ ಪ್ರೋಗ್ರಾಂ) ಫ್ಲೋ ಕಂಟ್ರೋಲ್, ಅಂದರೆ ಕಳಿಸುವುದನ್ನು ತಡೆದು ಬಿಡುವ ಸೆಟ್ಟಿಂಗ್, ತೆಗೆದು ಟೈಪ್ ಮಾಡಿ. ಒತ್ತಿದ ಅಕ್ಷರ ವಾಪಸ್ ಬಂದರೆ ಪೋರ್ಟ್ ಸರಿ ಇದೆ.

ಆಮೇಲೆ ಹಳೇದರಲ್ಲಿ ಹೈಪರ್‌ಟರ್ಮಿನಲ್, ಹೊಸದರಲ್ಲಿ ಅಂಥದ್ದೇ ಟೆರಾ ಟರ್ಮ್, ಎರಡರಲ್ಲೂ ವೇಗ ಸೆಕೆಂಡಿಗೆ 115200 ಬಿಟ್, ಕಳಿಸುವುದು ಝೆಡ್‌ಮೋಡೆಮ್ ಅನ್ನುವ ಫೈಲ್ ಕಳಿಸುವ ವಿಧಾನದಲ್ಲಿ. ಸೆಕೆಂಡಿಗೆ ಹನ್ನೊಂದು ಕೆಬಿ ಆಸುಪಾಸು ಹೋಗುತ್ತದೆ. 10 ಎಂಬಿಗೆ ಹೆಚ್ಚುಕಡಿಮೆ ಕಾಲು ಗಂಟೆ. ಲೆಕ್ಕದ ಫೋಲ್ಡರನ್ನು ಝಿಪ್ ಮಾಡಿ, ಮೊದಲು ಸುಮ್ನೆ ಒಂದು ಸಣ್ಣ ಫೈಲ್ ಕಳಿಸಿ ನೋಡಿ.